ಅಪ್‌ಡೇಟ್: 45385 ಜೊತೆ 45382, ಕ್ಲೇಮ್ ಪಾಸಾಯ್ತು

ಹಿಂದಿನ ಪ್ರಶ್ನೆ ಇದು: ನಾವು ಬೆಂಗಳೂರಿಂದ ಕೋಡಿಂಗ್ (ಚಿಕಿತ್ಸೆಯನ್ನು ಬಿಲ್ಲಿಗಾಗಿ ಕೋಡ್ ಸಂಖ್ಯೆಗಳಲ್ಲಿ ಬರೆಯೋದು) ಮಾಡುವ ಅಮೆರಿಕದ ಒಂದು ಮೆಡಿಕೇರ್ (ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ) ಕೇಸ್. ಕೊಲೊನೊಸ್ಕೋಪಿಯಲ್ಲಿ (ದೊಡ್ಡ ಕರುಳಿನೊಳಗೆ ಸ್ಕೋಪ್ ಹಾಕಿ ನೋಡೋದು) ಸ್ನೇರ್ (ತಂತಿ ಕುಣಿಕೆ) ಹಾಕಿ ಪಾಲಿಪ್ (ಕರುಳಿನ ಒಳಗೋಡೆಯ ಗಂಟು) ತೆಗೆದಿದ್ರು (45385), ರಕ್ತಸ್ರಾವ ನಿಲ್ಲಿಸಿದ್ದಕ್ಕೆ 45382 ಸಹ ಹಾಕಿತ್ತು. ಎರಡನೇದು ಬಂಡಲ್, ಅಂದ್ರೆ ಮೊದಲನೇದರಲ್ಲೇ ಸೇರಿದೆ, ಹಣ ಕೊಡಲ್ಲ ಅಂತ ಡಿನೈ ಆಗಿತ್ತು.

ನೀವೆಲ್ಲ ಹೇಳಿದ ಹಾಗೆ ಪ್ರೊಸೀಜರ್ ನೋಟ್ ಪೂರ್ತಿ ಓದಿದೆ. ರಕ್ತ ಎಲ್ಲಿಂದ, ಯಾಕೆ ಬಂತು ಅನ್ನೋದರ ಮೇಲೇ ಎಲ್ಲ ನಿಂತಿದೆ. ಪಾಲಿಪ್ ಕತ್ತರಿಸಿದ ಜಾಗದಲ್ಲೇ ರಕ್ತ ಜಿನುಗಿ ಕ್ಲಿಪ್ ಹಾಕಿದ್ದರೆ, ಎನ್‌ಸಿಸಿಐ (ಯಾವ ಕೋಡ್ ಜೊತೆ ಯಾವುದನ್ನು ಬಿಲ್ ಮಾಡಬಾರದು ಅನ್ನೋ ಮೆಡಿಕೇರ್ ನಿಯಮಾವಳಿ) ನಿಯಮದ ಪ್ರಕಾರ ಬೇರೆ ಬಿಲ್ ಇಲ್ಲ. ಪ್ರೊಸೀಜರೇ ತಂದ ರಕ್ತಸ್ರಾವ ಅದರೊಳಗೇ ಸೇರುತ್ತೆ. ಇಲ್ಲಿ ಹಾಗಿರಲಿಲ್ಲ. ಪಾಲಿಪ್ ಇದ್ದದ್ದು ಸಿಗ್ಮಾಯ್ಡ್‌ನಲ್ಲಿ (ದೊಡ್ಡ ಕರುಳಿನ ಕೊನೆ ಭಾಗದ ಹತ್ತಿರ). ಅಸೆಂಡಿಂಗ್ ಕೋಲನ್‌ನಲ್ಲಿ (ದೊಡ್ಡ ಕರುಳಿನ ಶುರುವಿನ ಭಾಗ) ಬೇರೆಯೇ ಒಂದು ಆಂಜಿಯೋಡಿಸ್‌ಪ್ಲೇಸಿಯಾ (ಕರುಳಿನ ಗೋಡೆಯಲ್ಲಿ ಉಬ್ಬಿದ ದುರ್ಬಲ ರಕ್ತನಾಳಗಳು), ಸ್ಕೋಪ್ ಹೋದಾಗಲೇ ರಕ್ತ ಜಿನುಗುತ್ತಿತ್ತು ಅಂತ ಡಾಕ್ಟರ್ ಸ್ಪಷ್ಟವಾಗಿ ಬರೆದಿದ್ದಾರೆ, ಆರ್ಗಾನ್ ಪ್ಲಾಸ್ಮಾದಿಂದ ಸುಟ್ಟಿದ್ದಾರೆ. ಆ ಒಂದು ಸಾಲು ಬರೆದ ಡಾಕ್ಟರಿಗೆ ನಿಜಕ್ಕೂ ಕೈ ಮುಗೀಬೇಕು.

59 ಮಾಡಿಫೈಯರ್ (ಇದು ಬೇರೆಯೇ ಕೆಲಸ ಅಂತ ತೋರಿಸೋ ಗುರುತು) ಹಾಕಿ, 45382ಕ್ಕೆ ಕೆ55.21 (ರಕ್ತಸ್ರಾವ ಇರುವ ಆಂಜಿಯೋಡಿಸ್‌ಪ್ಲೇಸಿಯಾದ ರೋಗದ ಕೋಡ್) ಲಿಂಕ್ ಮಾಡಿ, ನೋಟ್ ಸಮೇತ ಮತ್ತೆ ಕಳಿಸಿದ್ವಿ. ಪೇಮೆಂಟ್ ಬಂತು.

ಕೆಲವರು ಕೇಳಿದ್ರಿ: ಅದೇ ಗಾಯ ರಕ್ತ ಸುರಿಸದೆ ಇದ್ದು, ಸುಟ್ಟಿದ್ದರೆ? ಆಗ 45388 (ಸುಟ್ಟು ತೆಗೆಯೋದರ ಕೋಡ್). ರಕ್ತ ನಿಲ್ಲಿಸೋಕೆ ಅದೇ ಜಾಗಕ್ಕೆ ಎಪಿನೆಫ್ರಿನ್ (ರಕ್ತನಾಳ ಕುಗ್ಗಿಸೋ ಔಷಧಿ) ಚುಚ್ಚಿದ್ದರೆ 45381 (ಇಂಜೆಕ್ಷನ್ ಕೋಡ್) ಬೇರೆ ಹಾಕಬೇಡಿ. 45382 ಅಂದ್ರೆ ಯಾವ ವಿಧಾನವಾದರೂ ಸರಿ, ಕ್ಲಿಪ್, ಇಂಜೆಕ್ಷನ್ ಎಲ್ಲ ಅದರಲ್ಲೇ ಬಂತು.

ಡಿನೈಯಲ್ ಕಂಡ ತಕ್ಷಣ ರೈಟ್-ಆಫ್ ಮಾಡುವ (ಆ ಹಣ ಬಿಟ್ಟುಬಿಡುವ) ಹೊಸಬರು ದಯವಿಟ್ಟು ಮೊದಲು ನೋಟ್ ಓದಿ.