ಚಿಪ್‌ಸೆಟ್ 78 ಡಿಗ್ರಿ, ಆಟದ ಮಧ್ಯೆ ಸಿಸ್ಟಮ್ ರೀಸ್ಟಾರ್ಟ್: ಬಿಸಿ ಕಾರಣವೋ, ಓವರ್‌ಕ್ಲಾಕ್ ಕಾರಣವೋ?

ಪ್ರಶ್ನೆ (ಕಲಬುರಗಿಯ ಸದಸ್ಯರು):
ಸರ್, ನನ್ನದು ರೈಜೆನ್ 5 3600 ಪ್ರೊಸೆಸರ್, ಎಕ್ಸ್570 ಚಿಪ್‌ಸೆಟ್‌ನ ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 3600 ಸ್ಟಿಕ್. ಓವರ್‌ಕ್ಲಾಕ್ ಮಾಡಿ, ಅಂದರೆ ಕಂಪನಿ ಇಟ್ಟ ವೇಗಕ್ಕಿಂತ ಏರಿಸಿ, ಎಲ್ಲಾ ಕೋರ್‌ಗಳನ್ನೂ 4.3 ಗಿಗಾಹರ್ಟ್ಜ್‌ಗೆ ಇಟ್ಟು 1.35 ವೋಲ್ಟ್ ಕೊಟ್ಟಿದ್ದೇನೆ. ರ‍್ಯಾಮ್‌ಗೆ ಎಕ್ಸ್‌ಎಂಪಿ (ಸ್ಟಿಕ್ ಮೇಲೆ ಬರೆದ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಇದೆ. ಲಿಕ್ವಿಡ್ ಕೂಲರ್ ಇರುವುದರಿಂದ ಪ್ರೊಸೆಸರ್ 80 ಡಿಗ್ರಿ ದಾಟುವುದಿಲ್ಲ. ಆದರೆ ಆಟ ಶುರುಮಾಡಿ ಅರ್ಧ ಗಂಟೆ ಆದ ಮೇಲೆ ಸಿಸ್ಟಮ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಕೆಲವು ಸಲ ಮೌಸ್ ಒಂದು ಕ್ಷಣ ಕಟ್ ಆಗಿ ಮತ್ತೆ ಬರುತ್ತದೆ. ಬಿಸಿ ತೋರಿಸುವ ಎಚ್‌ಡಬ್ಲ್ಯೂ ಇನ್ಫೋ ಸಾಫ್ಟ್‌ವೇರ್‌ನಲ್ಲಿ ಚಿಪ್‌ಸೆಟ್ 78 ಡಿಗ್ರಿ ತೋರಿಸುತ್ತಿದೆ. ಈಗ ನಮ್ಮ ರೂಮೇ 38 ಡಿಗ್ರಿ ಇರುತ್ತದೆ. ಚಿಪ್‌ಸೆಟ್‌ಗೆ ದೊಡ್ಡ ಹೀಟ್‌ಸಿಂಕ್ ಹಾಕಿಸಬೇಕಾ?

ಉತ್ತರ:
ಹೀಟ್‌ಸಿಂಕ್‌ಗೆ ಈಗಲೇ ದುಡ್ಡು ಹಾಕಬೇಡಿ. 38 ಡಿಗ್ರಿ ರೂಮಿನಲ್ಲಿ 78 ಅಂದರೆ ಚಿಪ್‌ಸೆಟ್ ಹೊರಗಿನ ಗಾಳಿಗಿಂತ 40 ಡಿಗ್ರಿ ಜಾಸ್ತಿ ಇದೆ. ಇದೇ ಬೋರ್ಡ್ ಬೆಂಗಳೂರಿನ 25 ಡಿಗ್ರಿ ರೂಮಿನಲ್ಲಿದ್ದರೆ 65ರ ಹತ್ತಿರ ತೋರಿಸುತ್ತಿತ್ತು, ಆಗ ನೀವು ಕೇಳುತ್ತಲೂ ಇರಲಿಲ್ಲ. ಎಕ್ಸ್570 ಬಿಸಿ ಆಗುವ ಚಿಪ್ಪೇ. 2019ರಲ್ಲಿ ಪಿಸಿಐಇ 4.0 (ಕಾರ್ಡ್, ಎಸ್‌ಎಸ್‌ಡಿಗಳ ವೇಗದ ಸಂಪರ್ಕ) ಜೊತೆ ಬಂದಾಗ ಅದರ ಲೆಕ್ಕ ಸುಮಾರು 11 ವ್ಯಾಟ್. ಹಿಂದಿನ ಎಕ್ಸ್470 ತಿನ್ನುತ್ತಿದ್ದದ್ದು ಹೆಚ್ಚುಕಡಿಮೆ ಅದರ ಅರ್ಧ. ಅದಕ್ಕೇ ಬಹುಪಾಲು ಎಕ್ಸ್570 ಬೋರ್ಡ್‌ಗಳಲ್ಲಿ ಚಿಪ್‌ಸೆಟ್ ಮೇಲೆ ಪುಟ್ಟ ಫ್ಯಾನ್ ಇದೆ.

ಚಿಪ್‌ಸೆಟ್ ಏನು ಕೆಲಸ ಮಾಡುತ್ತದೆ ಅಂತ ನೋಡಿದರೆ ಅರ್ಧ ಗೊಂದಲ ಹೋಗುತ್ತದೆ. ನಿಮ್ಮ ಬೋರ್ಡ್‌ನಲ್ಲಿ ಸಾಟಾ ಡ್ರೈವ್‌ಗಳು, ಒಂದಷ್ಟು ಯುಎಸ್‌ಬಿ ಪೋರ್ಟ್‌ಗಳು, ಎರಡನೇ ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಇವೆಲ್ಲ ಚಿಪ್‌ಸೆಟ್ ಮೂಲಕ ಹೋಗುತ್ತವೆ. ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಮೊದಲ ಎಂ.2 ನೇರವಾಗಿ ಪ್ರೊಸೆಸರ್‌ಗೆ ಸೇರಿವೆ. ಚಿಪ್‌ಸೆಟ್ ನಿಜಕ್ಕೂ ಕಾದು ಕೈಕೊಟ್ಟರೆ ಎರಡನೇ ಎಸ್‌ಎಸ್‌ಡಿ ಮಾಯವಾಗುತ್ತದೆ, ಸಾಟಾ ಎರರ್ ಬರುತ್ತದೆ, ಯುಎಸ್‌ಬಿ ಬಿಟ್ಟು ಬಿಟ್ಟು ಬರುತ್ತದೆ. ಆಟದ ಮಧ್ಯೆ ಇಡೀ ಸಿಸ್ಟಮ್ ರೀಸ್ಟಾರ್ಟ್ ಆದರೆ ನಾನು ಮೊದಲು ಪ್ರೊಸೆಸರ್ ವೋಲ್ಟೇಜ್, ರ‍್ಯಾಮ್, ಪವರ್ ಸಪ್ಲೈ ಈ ಮೂರನ್ನು ಅನುಮಾನಿಸುತ್ತೇನೆ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಕೇಸಿನ ಪಕ್ಕದ ಬಾಗಿಲು ತೆಗೆಯಿರಿ. ಗ್ರಾಫಿಕ್ಸ್ ಕಾರ್ಡಿನ ಕೆಳಗಡೆಗೆ ಗಾಳಿ ಹೋಗುವ ಹಾಗೆ ಒಂದು ಟೇಬಲ್ ಫ್ಯಾನ್ ಇಡಿ. ಬೇರೆ ಯಾವ ಸೆಟ್ಟಿಂಗೂ ಮುಟ್ಟಬೇಡಿ. ಅದೇ ಆಟ ಆಡಿ. ಚಿಪ್‌ಸೆಟ್ 60ಕ್ಕೆ ಇಳಿದರೂ ಸಿಸ್ಟಮ್ ಬಿದ್ದರೆ ಚಿಪ್‌ಸೆಟ್ ಬಿಸಿ ಕಾರಣ ಅಲ್ಲ. ಆಮೇಲೆ ವಿಂಡೋಸ್‌ನ ಈವೆಂಟ್ ವ್ಯೂಯರ್ ತೆಗೆದು ಸಿಸ್ಟಮ್ ಲಾಗ್‌ನಲ್ಲಿ ವೀಯಾ-ಲಾಗರ್ (WHEA-Logger, ಹಾರ್ಡ್‌ವೇರ್ ತಪ್ಪುಗಳ ದಾಖಲೆ) ಹೆಸರಿನ ಸಾಲುಗಳನ್ನು ಹುಡುಕಿ, ಅವುಗಳ ನಂಬರ್ ಇಲ್ಲಿ ಹಾಕಿ. ಕರ್ನಲ್-ಪವರ್ 41 ನೋಡಿ ಗಾಬರಿ ಬೇಡ. ಸಿಸ್ಟಮ್ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ.

ಇನ್ನೊಬ್ಬ ಸದಸ್ಯರು:
ನಾನು ಹಿಂದೆ ಇಂಟೆಲ್ ಕ್ಯೂ6600 ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದ್ದಾಗ ಹೀಗೇ ಹ್ಯಾಂಗ್ ಆಗುತ್ತಿತ್ತು. ನಾರ್ತ್‌ಬ್ರಿಡ್ಜ್ (ಆಗಿನ ಚಿಪ್‌ಸೆಟ್‌ನ ಮುಖ್ಯ ಚಿಪ್) ಮೇಲೆ ಫ್ಯಾನ್ ಕೂರಿಸಿದ ಮೇಲೆ ನಿಂತಿತು. ಅವರೂ ಅದನ್ನೇ ಮಾಡಬಹುದಲ್ವಾ?

ಉತ್ತರ:
ನಿಮ್ಮ ಕಾಲಕ್ಕೆ ನೀವು ಮಾಡಿದ್ದು ಸರಿ. ಕ್ಯೂ6600 ಅಂದರೆ 266 ಮೆಗಾಹರ್ಟ್ಜ್ ಬಸ್ (ಪ್ರೊಸೆಸರನ್ನು ಉಳಿದ ಭಾಗಕ್ಕೆ ಸೇರಿಸುವ ದಾರಿ), ಗುಣಕ 9, ಎರಡನ್ನೂ ಗುಣಿಸಿದರೆ 2.4 ಗಿಗಾಹರ್ಟ್ಜ್. ಅದನ್ನು 3 ಗಿಗಾಹರ್ಟ್ಜ್‌ಗೆ ಒಯ್ಯಬೇಕಾದರೆ ಬಸ್ಸನ್ನೇ 333ಕ್ಕೆ ಏರಿಸಬೇಕಿತ್ತು. ಆ ಬಸ್ಸಿನ ಇನ್ನೊಂದು ತುದಿಯಲ್ಲಿ ನಾರ್ತ್‌ಬ್ರಿಡ್ಜ್ ಇತ್ತು, ರ‍್ಯಾಮ್ ನಡೆಸುವ ಮೆಮೊರಿ ಕಂಟ್ರೋಲರ್ ಕೂಡ ಅದರೊಳಗೇ ಇತ್ತು. ಪ್ರೊಸೆಸರ್ ವೇಗ ಏರಿಸಿದರೆ ನಾರ್ತ್‌ಬ್ರಿಡ್ಜೂ ಓಡಬೇಕು, ಅದೂ ಬಿಸಿಯಾಗಬೇಕು. ಎಎಂಡಿ 2003ರಲ್ಲಿ ಅಥ್ಲಾನ್ 64 ಜೊತೆ, ಇಂಟೆಲ್ 2008ರಲ್ಲಿ ಮೊದಲ ಕೋರ್ ಐ7 ಜೊತೆ ಈ ಕಂಟ್ರೋಲರನ್ನು ಪ್ರೊಸೆಸರ್ ಒಳಗೆ ತಂದವು. ಈಗ ಗುಣಕ ಏರಿಸಿ ಓವರ್‌ಕ್ಲಾಕ್ ಮಾಡಿದರೆ ಚಿಪ್‌ಸೆಟ್‌ಗೆ ಅದರ ಭಾರವೇ ಬೀಳುವುದಿಲ್ಲ. ಹಳೇ ಸಲಹೆ ಇನ್ನೂ ಎಲ್ಲಾ ಕಡೆ ಓಡಾಡುತ್ತಿದೆ, ಹುಡುಗರು ಅದನ್ನು ನಂಬಿ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ. ಅದಕ್ಕೇ ಇಷ್ಟು ಉದ್ದ ಬರೆದೆ.

ಮತ್ತೊಬ್ಬ ಸದಸ್ಯರು:
ಸರ್, ನನ್ನದು ಬಿ450 ಬೋರ್ಡ್. ಚಿಪ್‌ಸೆಟ್ ಹೀಟ್‌ಸಿಂಕ್ ಮೇಲೆ ಬೆರಳಿಟ್ಟರೆ ಸುಡುತ್ತದೆ. ಫ್ಯಾನ್ ಇಲ್ಲ. ತೊಂದರೆ ಇದೆಯಾ?

ಉತ್ತರ:
ಇಲ್ಲ. 55-60 ಡಿಗ್ರಿಯ ಲೋಹವನ್ನೇ ಬೆರಳು ತಡೆಯುವುದಿಲ್ಲ, ಸಿಲಿಕಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ನಿಮ್ಮ ಬೋರ್ಡ್‌ನಲ್ಲಿ ನೋಡಬೇಕಾದದ್ದು ಪ್ರೊಸೆಸರ್ ಪಕ್ಕದ ವಿಆರ್‌ಎಂ, ಅಂದರೆ ಪ್ರೊಸೆಸರ್‌ಗೆ ಬೇಕಾದ ವೋಲ್ಟೇಜ್ ಕೊಡುವ ಭಾಗ. ಅಗ್ಗದ ಬಿ450ಗಳಲ್ಲಿ ಕೆಲವಕ್ಕೆ ಅಲ್ಲಿ ಹೀಟ್‌ಸಿಂಕೇ ಇರುವುದಿಲ್ಲ. ಅದರ ಮೇಲೆ ಎಂಟು ಕೋರ್ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಿದರೆ ವಿಆರ್‌ಎಂ 100 ದಾಟುತ್ತದೆ, ವೇಗ ತಾನಾಗಿ ಬೀಳುತ್ತದೆ. ಲಿಕ್ವಿಡ್ ಕೂಲರ್ ಹಾಕಿದವರು ಇದನ್ನು ಇನ್ನೂ ಜಾಸ್ತಿ ಗಮನಿಸಬೇಕು. ಮಾಮೂಲಿ ಫ್ಯಾನ್ ಕೂಲರ್ ಆಗಿದ್ದರೆ ಸುತ್ತಮುತ್ತಲಿನ ಭಾಗಕ್ಕೂ ಒಂದಷ್ಟು ಗಾಳಿ ಬೀಳುತ್ತಿತ್ತು, ಲಿಕ್ವಿಡ್‌ನಲ್ಲಿ ಅದು ನಿಂತುಹೋಗುತ್ತದೆ.

ಪ್ರಶ್ನೆ ಕೇಳಿದ ಸದಸ್ಯರು:
ಸರ್, ನೀವು ಹೇಳಿದ ಹಾಗೆ ಬಾಗಿಲು ತೆಗೆದು ಫ್ಯಾನ್ ಇಟ್ಟೆ. ಚಿಪ್‌ಸೆಟ್ 61ಕ್ಕೆ ಬಂತು. ಆದರೂ ರೀಸ್ಟಾರ್ಟ್ ಆಯಿತು. ವೀಯಾ-ಲಾಗರ್ 19 ಅಂತ ಸಾಲುಸಾಲಾಗಿ ಇದೆ, ಒಳಗೆ ಬಸ್/ಇಂಟರ್‌ಕನೆಕ್ಟ್ ಎರರ್ ಅಂತಿದೆ. ಮಧ್ಯೆ 18 ಕೂಡ ಇದೆ.

ಉತ್ತರ:
ಈಗ ದಾರಿ ಸಿಕ್ಕಿತು. 19 ಅಂದರೆ ತಪ್ಪಾಯಿತು, ಸಿಸ್ಟಮ್ ಸರಿಮಾಡಿಕೊಂಡಿತು. 18 ಅಂದರೆ ಸರಿಮಾಡಿಕೊಳ್ಳಲು ಆಗಲಿಲ್ಲ, ಬಿತ್ತು. ಸಾಲುಸಾಲು 19 ಬಂದು ಅದರಲ್ಲಿ ಇಂಟರ್‌ಕನೆಕ್ಟ್ ಅಂತ ಇದ್ದರೆ ನನ್ನ ಕಣ್ಣು ಹೋಗುವುದು ಇನ್ಫಿನಿಟಿ ಫ್ಯಾಬ್ರಿಕ್ (ಪ್ರೊಸೆಸರ್ ಒಳಗಿನ ಭಾಗಗಳನ್ನು ಜೋಡಿಸುವ ದಾರಿ) ಮೇಲೆ. 3600ರ ಎಕ್ಸ್‌ಎಂಪಿ ಆನ್ ಮಾಡಿದಾಗ ಬೋರ್ಡ್ ಈ ಫ್ಯಾಬ್ರಿಕ್ಕನ್ನು 1800 ಮೆಗಾಹರ್ಟ್ಜ್‌ಗೆ ಏರಿಸುತ್ತದೆ. ಬಹಳಷ್ಟು ರೈಜೆನ್ 5 3600 ಪ್ರೊಸೆಸರ್‌ಗಳು ಅದನ್ನು ಆರಾಮಾಗಿ ಓಡಿಸುತ್ತವೆ, ಕೆಲವು ಓಡಿಸುವುದಿಲ್ಲ. ಇದು ಆಯಾ ಚಿಪ್ಪಿನ ಗುಣ.

ನಿಮ್ಮಲ್ಲಿ ಎರಡು ಓವರ್‌ಕ್ಲಾಕ್ ಒಟ್ಟಿಗೆ ನಡೆಯುತ್ತಿವೆ, ಒಂದು ಕೋರ್‌ಗಳದ್ದು, ಇನ್ನೊಂದು ರ‍್ಯಾಮಿನದು. ಎರಡನ್ನೂ ಇಟ್ಟುಕೊಂಡು ಕಾರಣ ಹುಡುಕಿದರೆ ಸಿಗುವುದಿಲ್ಲ. ಮೊದಲು ಬಯಾಸ್‌ನಲ್ಲಿ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ. ಹಾಗೆಯೇ ಒಂದು ದಿನ ಬಳಸಿ. ಆಗಲೂ ಬಿದ್ದರೆ ರ‍್ಯಾಮ್ ಸ್ಟಿಕ್ ಅಥವಾ ಪವರ್ ಸಪ್ಲೈ ನೋಡಬೇಕು. ಬೀಳದಿದ್ದರೆ ರ‍್ಯಾಮ್ 3200, ಫ್ಯಾಬ್ರಿಕ್ 1600, ಎಸ್‌ಒಸಿ ವೋಲ್ಟೇಜ್ (ಪ್ರೊಸೆಸರ್ ಒಳಗಿನ ಮೆಮೊರಿ ಕಂಟ್ರೋಲರ್‌ಗೆ ಹೋಗುವುದು) 1.1 ಇಡಿ. ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಬೂಟ್ ಮಾಡಿ ನಾಲ್ಕು ಪಾಸ್ ಓಡಿಸಿ, ರಾತ್ರಿ ಹಚ್ಚಿ ಮಲಗಬಹುದು. ಒಂದೇ ಒಂದು ಎರರ್ ಬಂದರೂ ಅದು ಫೇಲ್. ಸಣ್ಣ ಎರರ್ ಅಂತ ಬಿಟ್ಟರೆ ಒಂದು ದಿನ ಫೈಲ್‌ಗಳೇ ಕೆಡುತ್ತವೆ.

4.3 ಗಿಗಾಹರ್ಟ್ಜ್ ಬಗ್ಗೆ ನನ್ನ ಮಾತು ಕೇಳುವುದಾದರೆ, ಅದನ್ನು ಬಿಡಿ. ಈ ಪ್ರೊಸೆಸರ್ ತಾನಾಗಿಯೇ 4.2 ತನಕ ಹೋಗುತ್ತದೆ. ಅದರ ಮೇಲಿನ 100 ಮೆಗಾಹರ್ಟ್ಜ್‌ಗೋಸ್ಕರ ಎಲ್ಲಾ ಕೋರ್‌ಗಳ ಮೇಲೂ ಸದಾ 1.35 ವೋಲ್ಟ್ ಹಾಕುವುದನ್ನು ನಾನು ನನ್ನ ಗಿರಾಕಿಗಳಿಗೆ ಮಾಡಿಕೊಡುವುದಿಲ್ಲ, ಕಲಬುರಗಿಯ ಬೇಸಿಗೆಯಲ್ಲಂತೂ ಬೇಡವೇ ಬೇಡ. ಪಿಬಿಒ (ಪ್ರೊಸೆಸರ್ ತಾನೇ ವೇಗ ಏರಿಸಿಕೊಳ್ಳಲು ಇನ್ನಷ್ಟು ಅವಕಾಶ ಕೊಡುವ ಎಎಂಡಿ ಸೆಟ್ಟಿಂಗ್) ಆನ್ ಮಾಡಿದರೆ ಸಾಕು.

ಪ್ರಶ್ನೆ ಕೇಳಿದ ಸದಸ್ಯರು:
ಸರ್, ಡಿಫಾಲ್ಟ್‌ನಲ್ಲಿ ಒಮ್ಮೆಯೂ ಬೀಳಲಿಲ್ಲ. ಈಗ 3200/1600, ಪಿಬಿಒ ಹಾಕಿ ಓಡಿಸುತ್ತಿದ್ದೇನೆ. ಮೆಮ್‌ಟೆಸ್ಟ್ ಪಾಸ್. ವೀಯಾ ಸಾಲು ಒಂದೂ ಇಲ್ಲ, ರೀಸ್ಟಾರ್ಟೂ ಇಲ್ಲ. ಆದರೆ ಮೌಸ್ ಮಾತ್ರ ಈಗಲೂ ಕಟ್ ಆಗುತ್ತದೆ, ಚಿಪ್‌ಸೆಟ್ 60 ಇದ್ದಾಗಲೂ.

ಉತ್ತರ:
ರೀಸ್ಟಾರ್ಟ್ ಮುಗಿಯಿತು, ಸಂತೋಷ. ಮೌಸಿನದು ಬೇರೆಯದೇ ಕಥೆ. ನಿಮ್ಮ ಬಯಾಸ್ ಯಾವ ವರ್ಷದ್ದು ನೋಡಿ. 500 ಸರಣಿಯ ಬೋರ್ಡ್‌ಗಳಲ್ಲಿ ಯುಎಸ್‌ಬಿ ಬಿಟ್ಟು ಬಿಟ್ಟು ಬರುವ ತೊಂದರೆ ಇದೆ ಅಂತ ಎಎಂಡಿಯೇ 2021ರಲ್ಲಿ ಒಪ್ಪಿಕೊಂಡು, ಅಜೀಸಾ (AGESA, ಬಯಾಸ್ ಒಳಗೆ ಸೇರಿರುವ ಎಎಂಡಿ ಕೋಡ್) 1.2.0.2ರಲ್ಲಿ ಅದಕ್ಕೆ ಪರಿಹಾರ ಕೊಟ್ಟಿತು. ಅದಕ್ಕಿಂತ ಹಳೇ ಬಯಾಸ್ ಇದ್ದರೆ ಅಪ್‌ಡೇಟ್ ಮಾಡಿ. ಮಾಡುವ ಮುಂಚೆ ಎಲ್ಲವನ್ನೂ ಡಿಫಾಲ್ಟ್‌ಗೆ ತನ್ನಿ, ಸಿಸ್ಟಮ್ ಯುಪಿಎಸ್ ಮೇಲೆ ಇರಲಿ. ಅರ್ಧಕ್ಕೆ ಕರೆಂಟ್ ಹೋದರೆ ಬೋರ್ಡ್ ಏಳದೇ ಇರಬಹುದು. ಅಪ್‌ಡೇಟ್ ಆದ ಮೇಲೆ ನಿಮ್ಮ ಹಳೇ ಸೆಟ್ಟಿಂಗ್ ಅಳಿದಿರುತ್ತದೆ, 3200/1600 ಮತ್ತೆ ಹಾಕಬೇಕು.

ಬಿಸಿ ವಿಷಯಕ್ಕೆ ಬಂದರೆ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಚಿಪ್‌ಸೆಟ್ ಫ್ಯಾನ್ ನೋಡಿ. ರೆಕ್ಕೆಗಳ ಸಂದಿಯಲ್ಲಿ ಧೂಳು ಗಟ್ಟಿಯಾಗಿ ಕೂತಿರುತ್ತದೆ. ರೆಕ್ಕೆಯನ್ನು ಬೆರಳಲ್ಲಿ ತಿರುಗದಂತೆ ಹಿಡಿದುಕೊಂಡು ಬ್ಲೋವರ್ ಹೊಡೆಯಿರಿ, ಇಲ್ಲದಿದ್ದರೆ ಗಾಳಿಗೆ ಜೋರಾಗಿ ಸುತ್ತಿ ಬೇರಿಂಗ್ ಹೋಗುತ್ತದೆ. ಬಯಾಸ್‌ನಲ್ಲಿ ಆ ಫ್ಯಾನ್ ಸೈಲೆಂಟ್‌ನಲ್ಲಿದ್ದರೆ ಬ್ಯಾಲೆನ್ಸ್‌ಡ್‌ಗೆ ತನ್ನಿ. ಕೇಸಿನ ಮುಂದುಗಡೆ ಕೆಳಭಾಗದಲ್ಲಿ ಒಂದು ಫ್ಯಾನ್ ಗಾಳಿ ಒಳಗೆ ಎಳೆಯುತ್ತಿರಲಿ. ಕಾರ್ಡಿನ ಬಿಸಿ ಗಾಳಿ ಚಿಪ್‌ಸೆಟ್ ಮೇಲೆ ನಿಲ್ಲದಂತೆ ತಳ್ಳುವುದು ಅದೇ.

ಇಷ್ಟಾದ ಮೇಲೂ 80 ದಾಟಿದರೆ ಮಾತ್ರ ಹೀಟ್‌ಸಿಂಕ್ ಬಿಚ್ಚಿ ಥರ್ಮಲ್ ಪ್ಯಾಡ್ ಬದಲಿಸಿ. ಹಳೇ ಪ್ಯಾಡಿನ ದಪ್ಪ ಅಳೆದುಕೊಂಡು ಅದೇ ದಪ್ಪದ್ದು ತನ್ನಿ. ಪ್ಯಾಡ್ ಇದ್ದ ಜಾಗಕ್ಕೆ ಪೇಸ್ಟ್ ಮಾತ್ರ ಹಚ್ಚಿದರೆ ನಡುವೆ ಸಂದಿ ಉಳಿದು ಬಿಸಿ ಇನ್ನೂ ಏರುತ್ತದೆ. ಸ್ಕ್ರೂಗಳನ್ನು ಒಂದೊಂದೇ ಪೂರ್ತಿ ಬಿಗಿಯಬೇಡಿ, ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಚಿಪ್ಪಿನ ಮೂಲೆ ಒಡೆದರೆ ಬೋರ್ಡೇ ಹೋಯಿತು.