ಅಪ್ಪನ ಹೆಸರಲ್ಲಿ 8 ಲಕ್ಷ ಇದೆ ಅಂತ ಫೋನ್ ಬಂದಿದೆ, ಅನುಭವ ಇದ್ದವರು ಹೇಳಿ

ಶಿಡ್ಲಘಟ್ಟ ಗೂಡು: ಅಪ್ಪ ಹೋಗಿ ಮೂರು ವರ್ಷ ಆಯಿತು. ನಿನ್ನೆ ಒಬ್ಬ ಫೋನ್ ಮಾಡಿದ. ಅಪ್ಪನ ಹೆಸರಲ್ಲಿ ಹಳೇ ಶೇರು, ಎಫ್‌ಡಿ ಸೇರಿ 8 ಲಕ್ಷ ಯಾರೂ ಕೇಳದೆ ಬಿದ್ದಿದೆಯಂತೆ. 9,500 ಫೀಸ್ ಹಾಕಿದರೆ ತೆಗೆಸಿಕೊಡುತ್ತಾನಂತೆ. ಅಪ್ಪನ ಪೂರ್ತಿ ಹೆಸರು, ಹಳೇ ಮನೆ ವಿಳಾಸ ಎರಡೂ ಸರಿಯಾಗಿ ಹೇಳಿದ. ಹಾಕಲಾ, ಬೇಡವಾ?

ತಿಪಟೂರು ಕೊಬ್ಬರಿ: ವಿಳಾಸ ಹೇಳಿದ ಅಂತ ನಂಬಬೇಡಿ. ಡಿವಿಡೆಂಡ್ (ಶೇರಿನ ಲಾಭಾಂಶ) ತಗೊಳ್ಳದವರ ಪಟ್ಟಿಯನ್ನು ಕಂಪನಿಗಳೇ ವಿಳಾಸ ಸಮೇತ ವೆಬ್‌ಸೈಟಿನಲ್ಲಿ ಹಾಕುತ್ತವೆ, ಇವರು ಅಲ್ಲಿಂದ ಎತ್ತುತ್ತಾರೆ. ನಮ್ಮ ತಾತನದ್ದು ಕಾಗದದ ಶೇರು. 7 ವರ್ಷ ಡಿವಿಡೆಂಡ್ ತಗೊಂಡಿರಲಿಲ್ಲ, ಶೇರೇ ಯಾರೂ ಕೇಳದ ಶೇರು ಇಡೋ ಕೇಂದ್ರ ಸರ್ಕಾರದ ನಿಧಿ ಐಇಪಿಎಫ್‌ಗೆ ಹೋಗಿತ್ತು. ಅಲ್ಲಿಂದ ವಾಪಸ್ ಕೇಳೋ ಐಇಪಿಎಫ್-5 ಫಾರಂಗೆ ಒಂದು ರೂಪಾಯಿ ಫೀಸಿಲ್ಲ. ದುಡ್ಡು ಸೋರೋದು ಬೇರೆ ಕಡೆ. ವಾರಸುದಾರರು ನಾವೇ ಅಂತ ಕೋರ್ಟ್ ಕೊಡೋ ಸಕ್ಸೆಷನ್ ಸರ್ಟಿಫಿಕೇಟಿಗೆ ವಕೀಲರಿಗೆ 22,000, ಪೇಪರ್ ಪ್ರಕಟಣೆಗೆ 4,800, ಕೋರ್ಟ್ ಫೀಸ್ ಬೇರೆ. ಶೇರಿನಲ್ಲಿ ತಾತನ ಹೆಸರಿಗೆ ಒಂದು 'ಹೆಚ್' ಜಾಸ್ತಿ, ಅದಕ್ಕೊಂದು ಅಫಿಡವಿಟ್. ಆಮೇಲೆ ಮುಂದೆ ತಕರಾರು ಬಂದರೆ ನಷ್ಟ ನಮ್ಮದೇ ಅಂತ ಛಾಪಾ ಕಾಗದದಲ್ಲಿ ಇಂಡೆಮ್ನಿಟಿ ಬಾಂಡ್. ಅಷ್ಟರಲ್ಲಿ ನಮ್ಮ ಸೋದರತ್ತೆ "ನನ್ನ ಪಾಲೆಷ್ಟು, ಮೊದಲು ಹೇಳು" ಅಂತ ಸಹಿ ಹಾಕದೆ ಕೂತರು. ಆದರೂ ಯಾವ ಏಜೆಂಟನಿಗೂ ಕಾಸು ಬಿಚ್ಚಲಿಲ್ಲ.

ಗುಬ್ಬಿ ಗೇಟ್: ಏಜೆಂಟರೆಲ್ಲ ಕಳ್ಳರು ಅನ್ನೋ ಹಾಗೆ ಬರೀಬೇಡಿ ಅಣ್ಣ. ನನಗೆ ವಸಂತನರಸಾಪುರದಲ್ಲಿ ಶಿಫ್ಟ್ ಡ್ಯೂಟಿ, ಕೋರ್ಟು ಕಚೇರಿ ಅಲೆಯೋಕೆ ಯಾರು ರಜೆ ಕೊಡ್ತಾರೆ? ಶೇರು ನನ್ನ ಡಿಮ್ಯಾಟ್‌ಗೆ ಬಂದ ಮೇಲೆ ಏಜೆಂಟನಿಗೆ ಅದರ ಬೆಲೆಯಲ್ಲಿ 18% ಅಂತ ಬರೆಸಿಕೊಂಡೆ, ಮುಂಗಡ ಒಂದು ಪೈಸೆ ಕೊಡಲಿಲ್ಲ. 3.4 ಲಕ್ಷ ಬಂತು, 61,200 ಕೊಟ್ಟೆ. ಸಂತೋಷವಾಗಿಯೇ ಕೊಟ್ಟೆ.

ತಿಪಟೂರು ಕೊಬ್ಬರಿ: 61 ಸಾವಿರ! ಫಾರಂ ತುಂಬೋದಕ್ಕೆ!

ಗುಬ್ಬಿ ಗೇಟ್: ನಿಮ್ಮ ಸೋದರತ್ತೆ ಈಗ ಮಾತಾಡಿಸ್ತಾರಾ? ನಮ್ಮ ಮನೇಲಿ ಎಲ್ಲರೂ ಚೆನ್ನಾಗಿದ್ದೀವಿ. ನಿಮ್ಮ ತಾತ ನಾಮಿನಿ ಹಾಕಿದ್ದರೆ ಈ ಜಗಳವೇ ಇರ್ತಿರಲಿಲ್ಲ.

ತಿಪಟೂರು ಕೊಬ್ಬರಿ: ನಾಮಿನಿ ಅಂದರೆ ಮಾಲೀಕ ಅಲ್ಲ ಸ್ವಾಮಿ. 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಶೇರಿನ ಕೇಸಿನಲ್ಲೇ ಹೇಳಿದೆ. ನಾಮಿನಿ ಕೈಗೆ ಬಂದರೂ ವಾರಸುದಾರರ ಪಾಲು ಹೋಗಲ್ಲ. ನಮ್ಮ ಮನೆ ವಿಷಯ ನಿಮಗೆ ಬೇಡ.

ಚಿಂತಾಮಣಿ ಅಕ್ಕ: ನಿಮ್ಮ ಜಗಳ ಆಮೇಲೆ ಆಡಿ. ನಮ್ಮತ್ತೆಗೂ ಇಂಥದ್ದೇ ಫೋನ್ ಬಂದಿತ್ತು. ಮೊದಲು 7,000 ಫೈಲ್ ಚಾರ್ಜ್. ಆಮೇಲೆ ಜಿಎಸ್‌ಟಿ ಅಂತ 28,000. ಆಮೇಲೆ ಟಿಡಿಎಸ್, "ವಾಪಸ್ ಬರುತ್ತೆ" ಅಂತ 49,000. ಕೊನೆಗೆ ಆರ್‌ಬಿಐ ಕ್ಲಿಯರೆನ್ಸ್ 62,000. ವಾಟ್ಸಾಪಿನಲ್ಲಿ ಸೀಲು, ಸಹಿ ಇರೋ ಲೆಟರ್ ಕಳಿಸಿದ್ದರು. ಸೀಲು ಎಷ್ಟು ನೀಟಾಗಿತ್ತು ಅಂದರೆ ಹಿಂದಿನ ಅಕ್ಷರದ ಮೇಲೆ ಒಂಚೂರೂ ಮಸಿ ಹತ್ತಿರಲಿಲ್ಲ, ಅಂಟಿಸಿದ್ದು ಅಂತ ನಾನು ಅವತ್ತೇ ಹೇಳಿದೆ. ಸೊಸೆ ಮಾತು ಯಾರು ಕೇಳ್ತಾರೆ? ಮಾರನೇ ದಿನ ಸೈಬರ್ ವಂಚನೆ ದೂರಿನ ನಂಬರ್ 1930ಕ್ಕೆ ಫೋನ್ ಮಾಡಿದೆವು, ಅಷ್ಟರಲ್ಲಿ 11,000 ಬಿಟ್ಟು ಮಿಕ್ಕಿದ್ದೆಲ್ಲ ಖಾಲಿ. ಹತ್ತು ವರ್ಷದಿಂದ ಯಾರೂ ಕೇಳದ ಎಫ್‌ಡಿ ಇದೆಯೋ ಇಲ್ಲವೋ ನೋಡೋಕೆ ಆರ್‌ಬಿಐನ ಉದ್ಗಮ್ ಪೋರ್ಟಲ್ 2023ರಿಂದ ಇದೆ, ಫ್ರೀ. ಅದರಲ್ಲಿ ಎಲ್ಲಾ ಬ್ಯಾಂಕೂ ಸಿಗಲ್ಲ. ಸಿಕ್ಕರೂ ಒಂದು ನಂಬರ್ ಕೊಡುತ್ತೆ ಅಷ್ಟೇ, ದುಡ್ಡಿಗೆ ಬ್ರ್ಯಾಂಚಿಗೇ ಹೋಗಬೇಕು.

ಮಾಲೂರು ಸೈಟ್: ಎಫ್‌ಡಿ ಎಲ್ಲೂ ಓಡಿಹೋಗಲ್ಲ. 10 ವರ್ಷ ಮುಟ್ಟದಿದ್ದರೆ ಆರ್‌ಬಿಐ ನಿಧಿಗೆ ಹೋಗುತ್ತೆ, ಆಮೇಲೂ ಬ್ಯಾಂಕಿನಲ್ಲಿ ಕೇಳಬಹುದು. ಸೈಟು ಹಾಗಲ್ಲ. ನಮ್ಮಪ್ಪನ 30x40 ಸೈಟಿಗೆ ಯಾರೋ ಸುಳ್ಳು ಜಿಪಿಎ (ಮಾರೋ ಅಧಿಕಾರ ಕೊಟ್ಟಿದ್ದಾರೆ ಅನ್ನೋ ಪತ್ರ) ಮಾಡಿಕೊಂಡು ಇನ್ನೊಬ್ಬರಿಗೆ ಮಾರಿದ್ದಾರೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಸೈಟಿನ ಮಾರಾಟ, ಸಾಲದ ವಿವರ) ತೆಗೆದಾಗ ಗೊತ್ತಾಯಿತು. ಬರೀ ಜಿಪಿಎ ಮೇಲೆ ಸೈಟು ಕೊಂಡರೆ ಮಾಲೀಕತ್ವ ಬರಲ್ಲ ಅಂತ 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲಿ ಅದರ ಮೇಲೆ ಸೇಲ್ ಡೀಡೇ ರಿಜಿಸ್ಟರ್ ಆಗಿದೆ, ಅದನ್ನು ರದ್ದು ಮಾಡಿಸೋಕೆ ಕೋಲಾರದ ಕೋರ್ಟಿನಲ್ಲಿ ನಾನು ಒದ್ದಾಡಬೇಕು. ಕಲ್ಲು ಕಂಬ, ಮುಳ್ಳುತಂತಿಗೇ 38,000 ಹೋಯಿತು. ರಾತ್ರೋರಾತ್ರಿ ಕಿತ್ತುಹಾಕಿದರು.

ಗುಬ್ಬಿ ಗೇಟ್: ಪೌತಿ ಖಾತೆ ಮಾಡಿಸಿದ್ರಾ?

ಮಾಲೂರು ಸೈಟ್: ಅಪ್ಪ ಇನ್ನೂ ಬದುಕಿದ್ದಾರೆ ಮಾರಾಯ. ಓದಿ ಬರೀರಿ.

ಚಿಂತಾಮಣಿ ಅಕ್ಕ: ಬಿಡಿ. ಎಲ್ಲರೂ ಆಧಾರ್ ಬೆರಳಚ್ಚು ಲಾಕ್ ಮಾಡಿ. 2023ರಲ್ಲಿ ಆಸ್ತಿ ನೋಂದಣಿ ಪತ್ರಗಳ ಬೆರಳಚ್ಚನ್ನೇ ಕದ್ದು ಎಇಪಿಎಸ್‌ನಲ್ಲಿ (ಆಧಾರ್ ಬೆರಳಚ್ಚಿನಿಂದ ಬ್ಯಾಂಕ್ ದುಡ್ಡು ತೆಗೆಯೋ ವ್ಯವಸ್ಥೆ) ದುಡ್ಡು ತೆಗೆದ ಕೇಸುಗಳು ಬಂದಿದ್ದವು. ಓಟಿಪಿಯೂ ಬರಲ್ಲ.

ತಿಪಟೂರು ಕೊಬ್ಬರಿ: ಲಾಕ್ ಮಾಡಿ, ಆಮೇಲೆ ರೇಷನ್ ಅಂಗಡೀಲಿ ಹೆಬ್ಬೆಟ್ಟು ತಗೊಳ್ಳಲ್ಲ ಅಂತ ಅಳಬೇಡಿ. ನಮ್ಮಮ್ಮನ ಅಕ್ಕಿ ಒಂದು ತಿಂಗಳು ಹೋಯಿತು.

ಚಿಂತಾಮಣಿ ಅಕ್ಕ: ಅನ್‌ಲಾಕ್ ಮಾಡಿಕೊಂಡು ಹೋಗಬೇಕಪ್ಪ! ಐಇಪಿಎಫ್ ಫಾರಂ ಒಬ್ಬರೇ ತುಂಬಿದವರಿಗೆ ಇದು ಗೊತ್ತಿಲ್ವಾ?