ಸಹಾಯ ಬೇಕು: ಕ್ಯೂ ಲೆಕ್ಕ ಬರುತ್ತದೆ, ಒಳಗಿನ ಕಾರಣ ಪೂರ್ತಿ ಹೊಳೆಯುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಎಂಬಿಎ ಓದುತ್ತಿದ್ದೇನೆ. ಆಪರೇಷನ್ಸ್ ಮ್ಯಾನೇಜ್‌ಮೆಂಟ್‌ನಲ್ಲಿ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಈ ವಿಷಯ ಓದಿದವರು, ಕಲಿಸುವವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿಕೊಡಿ.

ಒಂದೇ ಕೌಂಟರ್ ಇದೆ ಅಂದುಕೊಳ್ಳಿ. ಅಲ್ಲಿ ಗಂಟೆಗೆ ಸರಾಸರಿ 10 ಜನರ ಕೆಲಸ ಆಗುತ್ತದೆ. ಗಂಟೆಗೆ 8 ಜನ ಬಂದರೆ, ಎಂ/ಎಂ/1 (ಜನ ಬರುವುದು, ಕೆಲಸಕ್ಕೆ ಹಿಡಿಯುವ ಹೊತ್ತು ಎರಡೂ ಏರುಪೇರಾಗುವ ಒಂದೇ ಕೌಂಟರ್ ಕ್ಯೂ) ಸೂತ್ರದ ಪ್ರಕಾರ ಒಬ್ಬರು ಬಂದು ಕೆಲಸ ಮುಗಿಸಿ ಹೋಗಲು ಸರಾಸರಿ 30 ನಿಮಿಷ. 9 ಜನ ಬಂದರೆ 60 ನಿಮಿಷ! ಜಾಸ್ತಿ ಆಗಿದ್ದು ಒಬ್ಬರೇ, ಸಮಯ ಮಾತ್ರ ಡಬಲ್. ಲಿಟಲ್ಸ್ ಲಾ (ಗಂಟೆಗೆ ಬರುವ ಜನ × ಒಬ್ಬರು ಒಳಗಿರುವ ಸರಾಸರಿ ಸಮಯ = ಒಳಗಿರುವ ಸರಾಸರಿ ಜನ) ಹಾಕಿ ತಾಳೆ ನೋಡಿದೆ. ಗಂಟೆಗೆ 8 ಜನ, ಅರ್ಧ ಗಂಟೆ, ಅಂದರೆ ಯಾವ ಹೊತ್ತಿಗೂ ಸರಾಸರಿ 4 ಜನ ಒಳಗೆ. ಗಂಟೆಗೆ 9 ಜನ ಬಂದಾಗ ಒಂದು ಗಂಟೆ, ಅಂದರೆ ಒಳಗೆ ಸರಾಸರಿ 9 ಜನ. ಲೆಕ್ಕ ಸರಿಯಾಗಿಯೇ ಇದೆ.

ಜನ ಗಡಿಯಾರ ನೋಡಿಕೊಂಡು ಬರುವುದಿಲ್ಲ, ಅಲ್ವಾ? ಒಮ್ಮೆ ಮುಗಿಬೀಳುತ್ತಾರೆ, ಒಮ್ಮೆ ಯಾರೂ ಇರುವುದಿಲ್ಲ. ಕೌಂಟರ್ ಸುಮ್ನೆ ಕೂತ ಹೊತ್ತನ್ನು ಆಮೇಲೆ ಬಳಸಲು ಎತ್ತಿಡುವ ಹಾಗಿಲ್ಲ. ಇಷ್ಟು ನನಗೆ ಅರ್ಥವಾಗಿದೆ. ಆದರೆ ಬರುವುದರಲ್ಲಿನ ಏರುಪೇರು, ಕೆಲಸಕ್ಕೆ ಹಿಡಿಯುವ ಹೊತ್ತಿನ ಏರುಪೇರು, ಇವೆರಡರಲ್ಲಿ ಯಾವುದನ್ನು ತಗ್ಗಿಸಿದರೆ ಕಾಯುವುದು ಎಷ್ಟು ಇಳಿಯುತ್ತದೆ? ಇದು ಮನಸ್ಸಿಗೆ ಕೂರುತ್ತಿಲ್ಲ. ಎಕ್ಸೆಲ್‌ನಲ್ಲಿ ಇಂಥ ಸಿಮ್ಯುಲೇಷನ್ ಮಾಡಿದವರು ಹೇಗೆ ಶುರು ಮಾಡಿದಿರಿ ಎಂದು ತಿಳಿಸಿದರೆ ತುಂಬಾ ಉಪಕಾರ.

ಇರುವ ಮಿತಿಯೊಳಗೆ ಅತಿ ಹೆಚ್ಚು ಲಾಭ ಅಥವಾ ಅತಿ ಕಡಿಮೆ ಖರ್ಚು ಹುಡುಕುವ ಲೀನಿಯರ್ ಪ್ರೋಗ್ರಾಮಿಂಗ್‌ನಲ್ಲೂ ಒಂದು ಸಣ್ಣ ತೊಡಕಿದೆ. ಮಷಿನ್ ಗಂಟೆಗಳು ಮಿಕ್ಕಿದ್ದರೆ ಶ್ಯಾಡೋ ಪ್ರೈಸ್ (ಇನ್ನೊಂದು ಗಂಟೆ ಸಿಕ್ಕರೆ ಹೆಚ್ಚುವ ಲಾಭ) 0, ಅದು ಗೊತ್ತು. ಪ್ರಶ್ನೆ ಓದಿ ಕನ್‌ಸ್ಟ್ರೇಂಟ್ (ಮಿತಿ) ಬರೆಯುವಾಗಲೇ ತಪ್ಪುತ್ತೇನೆ. ನೀವು ಮೊದಲು ಏನನ್ನು ಗುರುತು ಹಾಕಿಕೊಳ್ಳುತ್ತೀರಿ?